ಹುಕ್‌ಅಪ್ ಇಲ್ಲದ ಕಾಡಿನಲ್ಲಿ ಮೂರು ರಾತ್ರಿ: ಸಂಸಾರ ಸಮೇತ ಆರ್‌ವಿಯಲ್ಲಿ ಕ್ಯಾಲವೆರಾಸ್ ಬಿಗ್ ಟ್ರೀಸ್‌ಗೆ

ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಮಕ್ಕಳಿಗೂ ಶಾಲೆ ಇರುವುದಿಲ್ಲ. ಎಲ್ಲರನ್ನೂ ಒಟ್ಟಿಗೆ ಕಾಡಿಗೆ ಕರೆದುಕೊಂಡು ಹೋಗುವ ಆಸೆ ಬೇ ಏರಿಯಾದ ಬಹಳಷ್ಟು ಕನ್ನಡದ ಮನೆಗಳಲ್ಲಿದೆ. ಟೆಂಟಿನ ನೆಲದಿಂದ ಎದ್ದು ನಿಲ್ಲುವುದು ಹಿರಿಯರ ಮಂಡಿಗೆ ಕಷ್ಟ. ಹೋಟೆಲಾದರೆ ಬಿಸಿ ಅನ್ನ ಸಾರು ಇಲ್ಲ. ಮಂಚ, ಒಲೆ, ಶೌಚಾಲಯ ಮೂರನ್ನೂ ಜೊತೆಗೇ ಒಯ್ಯುವ ಆರ್‌ವಿ ಇಂಥ ಸಂಸಾರಕ್ಕೆ ಸರಿಯಾಗಿ ಹೊಂದುತ್ತದೆ. ಮೊದಲ ಸಲ ಹೋಗುವವರಿಗೆ ನಾವು ಸೂಚಿಸುವ ಜಾಗ ಸಿಯೆರಾ ನೆವಾಡಾ ಬೆಟ್ಟಗಳ ಪಶ್ಚಿಮದ ಇಳಿಜಾರಿನಲ್ಲಿರುವ ಕ್ಯಾಲವೆರಾಸ್ ಬಿಗ್ ಟ್ರೀಸ್ ಸ್ಟೇಟ್ ಪಾರ್ಕ್. ಫ್ರೀಮಾಂಟ್, ಸ್ಯಾನ್ ಹೋಸೆ ಕಡೆಯಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಆರ್‌ವಿಯಲ್ಲಿ ನಾಲ್ಕು ಗಂಟೆ ಹಿಡಿಯಿರಿ. 1931ರಿಂದ ಸ್ಟೇಟ್ ಪಾರ್ಕ್ ಆಗಿರುವ ಇಲ್ಲಿ ದೈತ್ಯ ಸಿಕ್ವೊಯಾ ಮರಗಳ ಎರಡು ತೋಪುಗಳಿವೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಇಲ್ಲಿನ ಕ್ಯಾಂಪ್ ಸೈಟುಗಳಿಗೆ ನಲ್ಲಿ ನೀರಿನ ಸಂಪರ್ಕವಿಲ್ಲ, ಕರೆಂಟಿಲ್ಲ, ಕೊಳಚೆ ಪೈಪಿಲ್ಲ. ಹುಕ್‌ಅಪ್ ಎಂದರೆ ಈ ಮೂರು ಸಂಪರ್ಕಗಳೇ. ಹೊತ್ತು ತಂದ ನೀರು, ಬ್ಯಾಟರಿಯಲ್ಲಿರುವ ಚಾರ್ಜು, ಖಾಲಿ ಟ್ಯಾಂಕುಗಳು ಇವಿಷ್ಟೇ ನಿಮ್ಮ ಬಂಡವಾಳ. ಮೂರು ರಾತ್ರಿ ಸುಖವಾಗಿ ಕಳೆಯುತ್ತವೋ ಎರಡನೇ ದಿನವೇ ಕೊಳಚೆ ಟ್ಯಾಂಕು ಖಾಲಿ ಮಾಡುವ ಡಂಪ್ ಸ್ಟೇಷನ್ನಿಗೆ ಓಡಬೇಕಾಗುತ್ತದೋ ಎಂಬುದು ನೀರಿನ ಲೆಕ್ಕದಲ್ಲೇ ತೀರ್ಮಾನವಾಗುತ್ತದೆ.

ಬುಕಿಂಗ್ ಮತ್ತು ಗಾಡಿ

ರಿಸರ್ವ್ ಕ್ಯಾಲಿಫೋರ್ನಿಯಾ ವೆಬ್‌ಸೈಟಿನಲ್ಲಿ ಆರು ತಿಂಗಳು ಮುಂಚಿನಿಂದ ಬುಕಿಂಗ್ ಸಿಗುತ್ತದೆ. ಹೊಸ ದಿನಾಂಕ ತೆರೆಯುವುದು ಬೆಳಿಗ್ಗೆ 8 ಗಂಟೆಗೆ. ಜುಲೈ ತಿಂಗಳ ಶುಕ್ರವಾರ ಬೇಕಿದ್ದರೆ ಜನವರಿಯ ಅದೇ ತಾರೀಖು ಎಂಟಕ್ಕೆ ಐದು ನಿಮಿಷ ಇರುವಾಗಲೇ ಲಾಗಿನ್ ಆಗಿ ಕುಳಿತಿರಬೇಕು. ತಪ್ಪಿಹೋದರೆ ಪ್ರವಾಸದ ಹಿಂದಿನ ವಾರ ದಿನಕ್ಕೆರಡು ಸಲ ನೋಡುತ್ತಿರಿ, ರದ್ದಾದ ಸೈಟುಗಳು ಆಗ ಕಾಣಿಸಿಕೊಳ್ಳುತ್ತವೆ. ಒಂದು ಸೈಟಿಗೆ ಎಂಟು ಜನರ ಮಿತಿ. ಎರಡನೇ ವಾಹನಕ್ಕೆ ಬೇರೆ ಶುಲ್ಕ ಉಂಟು.

ನಾರ್ತ್ ಗ್ರೋವ್, ಓಕ್ ಹಾಲೊ ಎಂಬ ಎರಡು ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಹಿರಿಯರಿರುವ ಮನೆಯವರು ನಾರ್ತ್ ಗ್ರೋವ್ ಆರಿಸಿಕೊಳ್ಳಲಿ. ದೊಡ್ಡ ಮರಗಳ ದಾರಿ, ವಿಸಿಟರ್ ಸೆಂಟರ್ ಎಲ್ಲವೂ ಅಲ್ಲಿಂದ ನಡಿಗೆಯ ದೂರದಲ್ಲಿವೆ. ಪ್ರತಿ ಸೈಟಿಗೂ ಗಾಡಿಯ ಗರಿಷ್ಠ ಉದ್ದ ಬರೆದಿರುತ್ತಾರೆ. ಹಿಂದೆ ಸಿಕ್ಕಿಸಿದ ಸೈಕಲ್ ಸ್ಟ್ಯಾಂಡೂ ಆ ಉದ್ದದಲ್ಲಿ ಸೇರುತ್ತದೆ ಎಂಬುದನ್ನು ಮರೆಯಬೇಡಿ. 22ರಿಂದ 25 ಅಡಿಯ ಕ್ಲಾಸ್ ಸಿ ಗಾಡಿ, ಅಂದರೆ ಡ್ರೈವರ್ ಕ್ಯಾಬಿನ್ನಿನ ಮೇಲೆ ಹಾಸಿಗೆ ಇರುವಂಥದ್ದು, ಐದು ಜನರಿಗೆ ಸಾಕು. ಓಡಿಸಲು ಕ್ಯಾಲಿಫೋರ್ನಿಯಾದ ಸಾಮಾನ್ಯ ಕಾರ್ ಲೈಸೆನ್ಸ್ ನಡೆಯುತ್ತದೆ.

ಬಾಡಿಗೆ ಗಾಡಿ ಗೊತ್ತುಮಾಡುವ ಮುನ್ನ ಸೀಟ್ ಬೆಲ್ಟುಗಳ ಫೋಟೊ ತರಿಸಿಕೊಂಡು ನೋಡಿ. "ಆರು ಜನ ಮಲಗಬಹುದು" ಎಂದಮಾತ್ರಕ್ಕೆ ಆರು ಜನ ಬೆಲ್ಟ್ ಹಾಕಿ ಕೂರಬಹುದು ಎಂದಲ್ಲ. ಊಟದ ಮೇಜಿನ ಬಳಿಯ ಸೀಟುಗಳಿಗೆ ಅನೇಕ ಗಾಡಿಗಳಲ್ಲಿ ಸೊಂಟದ ಬೆಲ್ಟ್ ಮಾತ್ರ ಇರುತ್ತದೆ. ಚಿಕ್ಕ ಮಗುವಿನ ಐದು ಪಟ್ಟಿಯ ಕಾರ್ ಸೀಟನ್ನು ಮುಂದಕ್ಕೆ ಮುಖ ಮಾಡಿರುವ ಅಂಥ ಸೀಟಿಗೆ ಕಟ್ಟಬಹುದು. ಬೂಸ್ಟರ್ ಸೀಟಿಗೆ ಮಾತ್ರ ಭುಜದ ಬೆಲ್ಟ್ ಇರಲೇಬೇಕು. ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಎಂಟು ವರ್ಷದೊಳಗಿನ ಮಕ್ಕಳಿಗೆ ಕಾರ್ ಸೀಟ್ ಅಥವಾ ಬೂಸ್ಟರ್ ಕಡ್ಡಾಯ. ಗೋಡೆಗೆ ಬೆನ್ನು ಹಾಕಿ ಅಡ್ಡಡ್ಡ ಕೂರುವ ಸೋಫಾಕ್ಕೆ ಯಾವ ಮಗುವಿನ ಸೀಟನ್ನೂ ಕಟ್ಟಬಾರದು.

ಇದಕ್ಕೆ ಪರಿಹಾರವೂ ಮುಂದಿನ ತಿರುಗಾಟಕ್ಕೆ ಅನುಕೂಲವೂ ಒಂದೇ: ಜೊತೆಗೊಂದು ಕಾರು. ಒಬ್ಬರು ಆರ್‌ವಿ ಓಡಿಸಲಿ. ಬೂಸ್ಟರಿನ ಮಗು, ಅಜ್ಜಿ ತಾತ ಕಾರಿನಲ್ಲಿ ಬರಲಿ. ಕಾರಿಲ್ಲದಿದ್ದರೆ ಪ್ರತಿ ಸುತ್ತಾಟಕ್ಕೂ ಮನೆಯನ್ನೇ ಎಬ್ಬಿಸಿಕೊಂಡು ಹೊರಡಬೇಕು. ಮೇಜಿನ ಮೇಲಿನ ಲೋಟದಿಂದ ಹಿಡಿದು ಎಲ್ಲವನ್ನೂ ಕಟ್ಟಿಡಬೇಕು, ವಾಪಸ್ ಬಂದು ಗಾಡಿಯನ್ನು ಮತ್ತೆ ಮಟ್ಟಕ್ಕೆ ನಿಲ್ಲಿಸಬೇಕು. ಕಾರಿನ ಪೆಟ್ರೋಲ್ ಖರ್ಚು ಅದಕ್ಕಿಂತ ಬಹಳ ಅಗ್ಗ.

ಕೊಡದ ಲೆಕ್ಕ

ಇಂಥ ಗಾಡಿಯಲ್ಲಿ ಸಾಮಾನ್ಯವಾಗಿ ಸಿಹಿನೀರಿನ ಟ್ಯಾಂಕ್ 40 ಗ್ಯಾಲನ್ನಿನ ಆಸುಪಾಸು, ಅಂದರೆ 150 ಲೀಟರ್. ಹದಿನೈದು ಲೀಟರಿನ ಕೊಡವಾದರೆ ಹತ್ತು ಕೊಡ ನೀರು. ಸಿಂಕು, ಶವರಿನ ಬಚ್ಚಲ ನೀರು ಹೋಗುವುದು ಗ್ರೇ ಟ್ಯಾಂಕಿಗೆ. ಕಕ್ಕಸಿನದು ಬ್ಲ್ಯಾಕ್ ಟ್ಯಾಂಕಿಗೆ. ಇವೆರಡೂ ಹೆಚ್ಚುಕಡಿಮೆ 30 ಗ್ಯಾಲನ್, ಏಳೂವರೆ ಕೊಡ. ಸಿಹಿನೀರು ಮುಗಿಯುವ ಮೊದಲೇ ಗ್ರೇ ಟ್ಯಾಂಕ್ ತುಂಬುವುದು ಇದೇ ಕಾರಣಕ್ಕೆ. ತುಂಬಿದ ನೀರು ಶವರಿನ ತಳದ ಜಾಲರಿಯಿಂದ ಮೇಲಕ್ಕೆ ಉಕ್ಕುತ್ತದೆ, ಅದರಲ್ಲಿ ನಿನ್ನೆ ತೊಳೆದ ಸಾರಿನ ಪಾತ್ರೆಯ ವಾಸನೆಯೂ ಇರುತ್ತದೆ.

ಆರ್‌ವಿಯ ಶವರಿನಿಂದ ನಿಮಿಷಕ್ಕೆ ಐದಾರು ಲೀಟರ್ ನೀರು ಬೀಳುತ್ತದೆ. ಐದು ನಿಮಿಷ ಮಿಂದರೆ ಎರಡು ಕೊಡ. ನಾಲ್ಕು ಜನ ಒಂದೊಂದು ಸಲ ಮಿಂದರೆ ಗ್ರೇ ಟ್ಯಾಂಕ್ ತುಂಬಿತು! ಆದ್ದರಿಂದ ಸ್ನಾನ ಕ್ಯಾಂಪ್‌ಗ್ರೌಂಡಿನ ಶವರಿನಲ್ಲೇ ಆಗಲಿ. ಕತ್ತಲಲ್ಲಿ ಅಲ್ಲಿಗೆ ನಡೆಯಲಾಗದ ಹಿರಿಯರಿಗಷ್ಟೇ ಗಾಡಿಯ ಬಚ್ಚಲು. ಅದೂ ಬಕೆಟ್ ಇಟ್ಟು ಚೊಂಬಿನಲ್ಲಿ ಮಿಂದರೆ ಅರ್ಧ ಕೊಡದಲ್ಲಿ ಮುಗಿಯುತ್ತದೆ. ನಮ್ಮ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಮಿಕ್ಕಿದ್ದನ್ನು ದಿನಕ್ಕೆ ಹೀಗೆ ಹಂಚಿಕೊಳ್ಳಿ: ಪಾತ್ರೆಗೆ 12 ಲೀಟರ್, ಕೈ ಬಾಯಿ ಹಲ್ಲಿಗೆ 10, ಕಕ್ಕಸಿಗೆ 10, ಅಡುಗೆಗೆ 8. ಮೂರು ದಿನಕ್ಕೆ 120 ಲೀಟರಾಯಿತು, 30 ಲೀಟರ್ ಕೈಯಲ್ಲಿ ಉಳಿಯಿತು. ಕುಡಿಯುವ ನೀರು ಇದರಲ್ಲಿ ಸೇರಿಲ್ಲ. ಅದಕ್ಕೆ ಐದು ಗ್ಯಾಲನ್ನಿನ ಎರಡು ಕ್ಯಾನ್ ಬೇರೆ ತನ್ನಿ. ಟ್ಯಾಂಕನ್ನು ಹೊರಡುವ ಜಾಗದಲ್ಲೇ ಪೂರ್ತಿ ತುಂಬಿಸಿ.

ಪಾತ್ರೆ ತೊಳೆಯುವಲ್ಲಿ ನಮ್ಮ ಅಡುಗೆಗೆ ವಿಶೇಷ ಎಚ್ಚರ ಬೇಕು. ಅನ್ನದ ಅಗುಳು, ಬೇಳೆಯ ಗಷ್ಟು, ಒಗ್ಗರಣೆಯ ಜಿಡ್ಡು ಗ್ರೇ ಟ್ಯಾಂಕಿನ ತಳದಲ್ಲಿ ಕೂತು ಒಂದೇ ದಿನದಲ್ಲಿ ಹುಳಿಯುತ್ತವೆ. ಮಾರನೆಯ ದಿನ ಸಿಂಕಿನಿಂದ ನಾತ ಬಂದರೆ ಅದರ ಮೂಲ ಇದು. ಊಟವಾದ ಕೂಡಲೇ ತಟ್ಟೆಯನ್ನು ಪೇಪರ್ ಟವೆಲಿನಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ಸಿಂಕಿಗೆ ಸಣ್ಣ ಕಣ್ಣಿನ ಜಾಲರಿ ಇಡಿ. ಗಂಜಿ ಬಸಿಯುವ ಪದ್ಧತಿ ಇದ್ದರೆ ಈ ಮೂರು ದಿನ ಬಿಟ್ಟುಬಿಡಿ. ಬಚ್ಚಲ ನೀರನ್ನು ಮರದ ಬುಡಕ್ಕೆ ಚೆಲ್ಲುವಂತಿಲ್ಲ. ಊರಲ್ಲಿ ತೆಂಗಿನ ಬುಡಕ್ಕೆ ಹಾಕಿ ಅಭ್ಯಾಸವಿರುವ ಅಮ್ಮನಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಆ ವಾಸನೆಗೆ ಕರಡಿ ಬರುತ್ತದೆ.

ಕಕ್ಕಸಿನಲ್ಲಿ ನೀರು ಬಳಸುವವರು ಅರ್ಧ ಲೀಟರಿನ ಪಿಚಕಾರಿ ಬಾಟಲಿ ತಂದರೆ ಸಾಕು. ನೀರು ಹೋಗುವುದು ಬ್ಲ್ಯಾಕ್ ಟ್ಯಾಂಕಿಗೆ ಒಳ್ಳೆಯದೇ, ನೀರು ಕಡಿಮೆಯಾದರೆ ಮಲ ಗಟ್ಟಿಯಾಗಿ ಗುಡ್ಡೆ ಕಟ್ಟುತ್ತದೆ. ಒಳಗೆ ಬೀಳಬೇಕಾದದ್ದು ಆರ್‌ವಿಯ ಬೇಗ ಕರಗುವ ಪೇಪರ್ ಮಾತ್ರ. ವೆಟ್ ವೈಪ್ಸ್ ಪೊಟ್ಟಣದ ಮೇಲೆ ಏನು ಬರೆದಿದ್ದರೂ ಹಾಕಬೇಡಿ. ಗೋಡೆಯ ಮೇಲಿನ ಸೂಚಕ ದೀಪಗಳು ಟ್ಯಾಂಕ್ ಖಾಲಿ ಇದ್ದರೂ ಮುಕ್ಕಾಲು ತೋರಿಸುವುದುಂಟು. ಒಳಗಿನ ಸಂವೇದಕಕ್ಕೆ ಕಾಗದ ಅಂಟಿಕೊಂಡಿರುತ್ತದೆ. ದೀಪಕ್ಕಿಂತ ನಿಮ್ಮ ಕೊಡದ ಲೆಕ್ಕವನ್ನೇ ನಂಬಿ.

ಬ್ಯಾಟರಿ, ಜನರೇಟರ್, ಚಳಿ

ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕುಗಳಲ್ಲಿ ಜನರೇಟರ್ ಹಾಕಬಹುದಾದದ್ದು ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ. ಮೈಕ್ರೋವೇವ್, ಇನ್‌ಸ್ಟೆಂಟ್ ಪಾಟ್, ಮಿಕ್ಸಿ ಇವೆಲ್ಲ ಆ ಸಮಯದ ಯಂತ್ರಗಳು. ಚಟ್ನಿ ರುಬ್ಬುವುದಿದ್ದರೆ ಸಂಜೆಯೇ ರುಬ್ಬಿಡಿ. ಗಾಡಿಯ ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಕೆಳಗಿಳಿದರೆ ಜನರೇಟರ್ ತಾನಾಗಿ ನಿಲ್ಲುತ್ತದೆ, ನೀವು ಊರು ಸೇರುವಷ್ಟು ಇಂಧನ ಉಳಿಯಲಿ ಎಂದೇ ಅದರ ಕೊಳವೆಯನ್ನು ಟ್ಯಾಂಕಿನ ಮೇಲ್ಮಟ್ಟದಲ್ಲಿ ಇಟ್ಟಿರುತ್ತಾರೆ. ಕೆಟ್ಟಿತೆಂದು ಗಾಬರಿಯಾಗುವ ಮುನ್ನ ಮುಳ್ಳು ನೋಡಿ. ಪಾರ್ಕಿನಿಂದ ಸುಮಾರು 4 ಮೈಲಿ ಕೆಳಗಿನ ಆರ್ನಾಲ್ಡ್ ಊರಿನಲ್ಲಿ ತುಂಬಿಸಿಕೊಂಡೇ ಒಳಗೆ ಬನ್ನಿ.

ಬ್ಯಾಟರಿಯನ್ನು ಮುಗಿಸುವುದು ದೀಪವಲ್ಲ, ಫೋನ್ ಚಾರ್ಜೂ ಅಲ್ಲ. ಹೀಟರ್ ಉರಿಯುವುದು ಗ್ಯಾಸಿನಲ್ಲಾದರೂ ಬಿಸಿಗಾಳಿ ನೂಕುವ ಫ್ಯಾನು ತಿರುಗುವುದು ಬ್ಯಾಟರಿಯಿಂದ, ಸುಮಾರು 7 ಆಂಪಿಯರ್. 100 ಆಂಪಿಯರ್-ಗಂಟೆಯ ಸಾಧಾರಣ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬಹುದು. ಚಳಿಯ ರಾತ್ರಿ ಹತ್ತು ಗಂಟೆಯಲ್ಲಿ ಹೀಟರ್ ಅರ್ಧ ಸಮಯ ಓಡಿತೆಂದರೆ 35 ಅಲ್ಲಿಗೇ ಹೋಯಿತು. ನಸುಕಿನಲ್ಲಿ ಗ್ಯಾಸ್ ಡಿಟೆಕ್ಟರ್ ಕೀ ಕೀ ಅನ್ನತೊಡಗಿದರೆ ಬಹಳ ಸಲ ಕಾರಣ ವೋಲ್ಟೇಜ್ ಇಳಿದದ್ದು. ಹಾಗಂತ ತಾನೇ ಊಹಿಸಿ ಸುಮ್ಮನಾಗಬೇಡಿ: ಎಲ್ಲರನ್ನೂ ಹೊರಗೆ ಕರೆತನ್ನಿ, ಸಿಲಿಂಡರ್ ವಾಲ್ವ್ ಮುಚ್ಚಿ, ಆಮೇಲೆ ಬ್ಯಾಟರಿ ನೋಡಿ. ಇದನ್ನು ತಪ್ಪಿಸಲು ಹೀಟರನ್ನು 60 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿ, ತಲೆಗೊಂದು ರಗ್ಗು ಜಾಸ್ತಿ ತನ್ನಿ. ಪಾರ್ಕ್ ಇರುವುದು ಸುಮಾರು 4,800 ಅಡಿಯಲ್ಲಿ. ಜುಲೈಯಲ್ಲೂ ಬೆಳಗಿನ ಜಾವ ಸ್ವೆಟರ್ ಬೇಕು. ಸಂಜೆ 6ರಿಂದ 8ರ ತನಕ ಜನರೇಟರ್ ಓಡಿಸಿದರೆ ಆ ರಾತ್ರಿಗೆ ಬ್ಯಾಟರಿ ಸಿದ್ಧ.

ಗ್ಯಾಸಿನಲ್ಲಿ ಓಡುವ ಹಳೆಯ ಮಾದರಿಯ ಫ್ರಿಜ್ ಇದ್ದರೆ ಗಾಡಿ ಮಟ್ಟವಾಗಿ ನಿಂತಿರಲೇಬೇಕು. ವಾಲಿದರೆ ಒಳಗಿನ ದ್ರವ ಹರಿಯದೆ ತಣ್ಣಗಾಗುವುದು ನಿಲ್ಲುತ್ತದೆ, ಮೊಸರು ಕೆಡುತ್ತದೆ. ತಗ್ಗಿನ ಕಡೆಯ ಚಕ್ರದ ಕೆಳಗೆ ಪ್ಲಾಸ್ಟಿಕ್ ಬಿಲ್ಲೆಗಳನ್ನಿಟ್ಟು ಹತ್ತಿಸಿ. ಮೇಜಿನ ಮೇಲೆ ಸಪಾಟಾದ ತಟ್ಟೆಯಲ್ಲಿ ನೀರಿಟ್ಟು ನೋಡಿದರೆ ಯಾವ ಕಡೆ ತಗ್ಗು ಎಂದು ತಿಳಿಯುತ್ತದೆ. ಫ್ರಿಜ್ ತಣ್ಣಗಾಗಲು ಅರ್ಧ ದಿನ ಬೇಕು, ಹಿಂದಿನ ರಾತ್ರಿಯೇ ಹಚ್ಚಿಡಿ.

ಒಲೆ ಹೊರಗೆ, ಡಬ್ಬಿ ಒಳಗೆ

ಆರ್‌ವಿಯ ಒಳಗೆ ಒಗ್ಗರಣೆ ಹಾಕಬೇಡಿ. ಸಾಸಿವೆ ಸಿಡಿದು ಬ್ಯಾಡಗಿ ಮೆಣಸಿನಕಾಯಿ ಕಪ್ಪಾಗುವ ಹೊತ್ತಿಗೆ ಹೊಗೆಯ ಅಲಾರಂ ಕೂಗುತ್ತದೆ, ಘಾಟು ಬೆಡ್‌ಶೀಟಿಗೆ ಹತ್ತುತ್ತದೆ. ಬಾಡಿಗೆ ಗಾಡಿಯಲ್ಲಿ ಇಂಗಿನ ವಾಸನೆ ಉಳಿದರೆ ಶುಚಿಯ ಶುಲ್ಕ ಕೇಳುವವರೂ ಇದ್ದಾರೆ. ಎರಡು ಬರ್ನರಿನ ಕ್ಯಾಂಪ್ ಒಲೆಯನ್ನು ಹೊರಗಿನ ಮೇಜಿನ ಮೇಲಿಡಿ. ಒಂದು ಪೌಂಡಿನ ಹಸಿರು ಸಿಲಿಂಡರ್ ಎರಡೂ ಬರ್ನರ್ ಜೋರಾಗಿ ಉರಿದರೆ ಒಂದು ಗಂಟೆ ಬರುತ್ತದೆ. ಮೂರು ದಿನದ ಕನ್ನಡದ ಅಡುಗೆಗೆ ನಾಲ್ಕು ಬೇಕು.

ಈ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಕುಕ್ಕರ್ ತನ್ನಿ, ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಮನೆಯಲ್ಲಿ ಹಾಕುವುದಕ್ಕಿಂತ ಒಂದೆರಡು ವಿಷಲ್ ಜಾಸ್ತಿ ಹಾಕಿಸಿ. ಇಡ್ಲಿಗೂ ಮೂರು ನಾಲ್ಕು ನಿಮಿಷ ಹೆಚ್ಚು ಬೇಕು. ಹೊರಗೆ ಗಾಳಿ ಬೀಸುತ್ತಿದ್ದರೆ ಉರಿ ಪಕ್ಕಕ್ಕೆ ಹೋಗಿ ಗ್ಯಾಸ್ ದಂಡ, ಒಲೆಯ ಮರೆಪಟ್ಟಿ ಎತ್ತಿ ನಿಲ್ಲಿಸಿ. ನಮ್ಮ ಸಲಹೆಯೆಂದರೆ ಹುಳಿ, ಗೊಜ್ಜು ಮನೆಯಲ್ಲೇ ಮಾಡಿ ಜಿಪ್ ಚೀಲಗಳಲ್ಲಿ ಚಪ್ಪಟೆಯಾಗಿ ಮಲಗಿಸಿ ಫ್ರೀಜ್ ಮಾಡಿ. ಮೊದಲ ದಿನ ಐಸಿನ ಕೆಲಸ ಮಾಡುತ್ತವೆ, ಎರಡನೇ ದಿನ ಊಟವಾಗುತ್ತವೆ. ಮೊದಲ ರಾತ್ರಿಗೆ ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಬನ್ನಿ; ಗಾಡಿ ನಿಲ್ಲಿಸುವುದರಲ್ಲೇ ಕತ್ತಲಾಗಿರುತ್ತದೆ. ಬೆಳಗಿನ ತಿಂಡಿಗೆ ಗೊಜ್ಜವಲಕ್ಕಿಯಷ್ಟು ನೀರು ಉಳಿಸುವ ತಿಂಡಿ ಇನ್ನೊಂದಿಲ್ಲ.

ಇದು ಕಪ್ಪು ಕರಡಿಗಳ ಕಾಡು. ಸೈಟಿನಲ್ಲಿ ಕಬ್ಬಿಣದ ಕರಡಿ ಪೆಟ್ಟಿಗೆ ಇರುತ್ತದೆ. ಊಟ ಮಾತ್ರವಲ್ಲ, ವಾಸನೆ ಬರುವ ಎಲ್ಲವೂ ಅದರೊಳಗೆ ಸೇರಬೇಕು: ಟೂತ್‌ಪೇಸ್ಟ್, ಸೋಪು, ಒಗ್ಗರಣೆಯ ಬಾಣಲೆ, ಅಜ್ಜಿಯ ಕೊಬ್ಬರಿ ಎಣ್ಣೆ ಬಾಟಲಿ. ಮಗುವಿನ ಕಾರ್ ಸೀಟಿನ ಸಂದಿಯಲ್ಲಿ ಬಿದ್ದ ಬಿಸ್ಕತ್ತಿನ ಚೂರನ್ನೂ ಕೊಡವಿ. ಕರಡಿಗೆ ಕಾರಿನ ಬಾಗಿಲನ್ನು ಬಗ್ಗಿಸಿ ತೆಗೆಯುವ ಶಕ್ತಿ ಇದೆ. ಪೆಟ್ಟಿಗೆಯ ಚಿಲಕ ಎರಡೂ ಕಡೆ ಕೂತಿದೆಯೇ ಎಂದು ಎಳೆದು ನೋಡಿ. ಕ್ಯಾಂಪ್ ಬೆಂಕಿಗೆ ಸೌದೆಯನ್ನು ಅಲ್ಲೇ ಕೊಳ್ಳಿ. ಬೇರೆ ಊರಿನ ಸೌದೆಯಲ್ಲಿ ಮರ ಕೊಲ್ಲುವ ಹುಳ ಬರುತ್ತವೆ. ಒಣ ತಿಂಗಳುಗಳಲ್ಲಿ ಬೆಂಕಿಗೆ ನಿಷೇಧವಿರುವುದು ಸಾಮಾನ್ಯ, ಗೇಟಿನಲ್ಲಿ ಕೇಳಿಕೊಳ್ಳಿ.

ಹಗಲಿನ ತಿರುಗಾಟ

ಮೊದಲ ಬೆಳಿಗ್ಗೆ ನಾರ್ತ್ ಗ್ರೋವ್. ಸುಮಾರು ಒಂದೂವರೆ ಮೈಲಿಯ ಸುತ್ತು, ಬಹುಪಾಲು ಸಮತಟ್ಟು. ಕೋಲು ಹಿಡಿದ ಹಿರಿಯರೂ ಕೂತು ಎದ್ದು ಒಂದೂವರೆ ಗಂಟೆಯಲ್ಲಿ ಮುಗಿಸುತ್ತಾರೆ. ಆರಂಭದಲ್ಲೇ 1853ರಲ್ಲಿ ಕಡಿದ ಡಿಸ್ಕವರಿ ಟ್ರೀಯ ಬೊಡ್ಡೆ ಇದೆ. ಅಷ್ಟು ದಪ್ಪದ ಮರಕ್ಕೆ ಗರಗಸ ಸಾಲದೆ ಐದು ಜನ ಮೂರು ವಾರ ಬೈರಿಗೆಯಿಂದ ತೂತು ಕೊರೆದು ಉರುಳಿಸಿದರು. ಆಮೇಲೆ ಬೊಡ್ಡೆಯ ಮೇಲೆ ಜನ ಕುಣಿದರು. ಮಕ್ಕಳನ್ನು ಅದರ ಮೇಲೆ ಹತ್ತಿಸಿ ಒಂದು ಅಂಚಿನಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸಲು ಹೇಳಿ, ಬರೀ ಫೋಟೊದಲ್ಲಿ ಆ ಅಗಲ ತಿಳಿಯುವುದಿಲ್ಲ. ಮುಂದೆ ಮದರ್ ಆಫ್ ದ ಫಾರೆಸ್ಟ್ ಎಂಬ ಸುಟ್ಟ ಕಾಂಡ ಸಿಗುತ್ತದೆ. 1854ರಲ್ಲಿ ಪ್ರದರ್ಶನಕ್ಕೆಂದು ಇದರ ತೊಗಟೆಯನ್ನು 116 ಅಡಿ ಎತ್ತರದವರೆಗೂ ಸುಲಿದರು. ಬೆಂಕಿಯಿಂದ ಕಾಯುವ ತೊಗಟೆ ಹೋದ ಮೇಲೆ ಮರ ಸತ್ತಿತು, ಮುಂದೆ ಕಾಡ್ಗಿಚ್ಚು ಅದನ್ನು ಸುಟ್ಟಿತು. ಈ ಕಾಂಡದ ಮುಂದೆ ಮಕ್ಕಳೊಂದಿಗೆ ಐದು ನಿಮಿಷ ನಿಲ್ಲಿ. ಹಳೆಯ ಚಿತ್ರಗಳಲ್ಲಿ ಕಾಣುವ, ಬುಡದಲ್ಲಿ ಸುರಂಗ ಕೊರೆದ ಪಯೊನಿಯರ್ ಕ್ಯಾಬಿನ್ ಮರವನ್ನು ಹುಡುಕಬೇಡಿ. 2017ರ ಜನವರಿಯ ಬಿರುಮಳೆಯಲ್ಲಿ ಅದು ಬಿತ್ತು. ಬೇಲಿ ದಾಟಿ ಬುಡ ತಬ್ಬಿಕೊಳ್ಳಲು ಮಕ್ಕಳನ್ನು ಬಿಡಬೇಡಿ. ಸಿಕ್ವೊಯಾದ ಬೇರು ಆಳಕ್ಕಿಳಿಯುವುದಿಲ್ಲ, ತುಳಿದು ಗಟ್ಟಿಯಾದ ಮಣ್ಣಿನಲ್ಲಿ ಅದಕ್ಕೆ ನೀರು ಸಿಗುವುದಿಲ್ಲ.

ಸೌತ್ ಗ್ರೋವ್ ನಡೆಯುವವರಿಗೆ. ಪಾರ್ಕಿನ ಒಳರಸ್ತೆಯ ಕೊನೆಯ ತನಕ ಕಾರಿನಲ್ಲಿ ಹೋಗಿ, ಬೀವರ್ ಕ್ರೀಕ್ ಸೇತುವೆ ದಾಟಿ ಸುಮಾರು 5 ಮೈಲಿ ಸುತ್ತಬೇಕು. ಪಾರ್ಕಿನ ಅತಿ ದೊಡ್ಡ ಮರ ಅಗಾಸಿ ಟ್ರೀ ಇಲ್ಲಿದೆ. ತಲೆಗೆ ಎರಡು ಲೀಟರ್ ನೀರು, ಬೆಳಿಗ್ಗೆ 8ರೊಳಗೆ ಹೊರಡುವುದು. ಹಿರಿಯರು ಬೀವರ್ ಕ್ರೀಕ್ ದಂಡೆಯಲ್ಲಿ ಬುತ್ತಿ ಬಿಚ್ಚಿಕೊಂಡು ಕಾಯಬಹುದು. ಹಿಮ ಬಿದ್ದ ಮೇಲೆ ಈ ರಸ್ತೆ ಮುಚ್ಚುತ್ತದೆ. ದಾರಿಯಲ್ಲಿ ಸಿಗುವ ಸ್ಟಾನಿಸ್ಲಾಸ್ ನದಿಯಲ್ಲಿ ಮೇ, ಜೂನ್ ತಿಂಗಳು ಮಕ್ಕಳನ್ನು ಇಳಿಸಬೇಡಿ. ಕರಗಿದ ಹಿಮದ ನೀರು ಮಂಡಿಯಷ್ಟಿದ್ದರೂ ದೊಡ್ಡವರನ್ನೇ ಎಳೆದೊಯ್ಯುತ್ತದೆ.

ಹೊರಗೆ ಹೋಗುವುದಾದರೆ ಬಿಸಿಲಿನ ದಿನ ಮರ್ಫೀಸ್ ಬಳಿಯ ಮರ್ಸರ್ ಗುಹೆ. ಒಳಗೆ ವರ್ಷವಿಡೀ ಸುಮಾರು 55 ಡಿಗ್ರಿ ಫ್ಯಾರನ್‌ಹೀಟ್. ಇಳಿದು ಹತ್ತಲು ನಾನೂರಕ್ಕೂ ಹೆಚ್ಚು ಮೆಟ್ಟಿಲು, ಮಂಡಿನೋವಿನವರಿಗೆ ಬೇಡವೇ ಬೇಡ. ಅವರಿಗೆ ಕೊಲಂಬಿಯಾ ಸ್ಟೇಟ್ ಹಿಸ್ಟಾರಿಕ್ ಪಾರ್ಕ್ ಚೆನ್ನ. ಚಿನ್ನದ ಬೇಟೆಯ ಕಾಲದ ಊರು, ಮುಖ್ಯ ಬೀದಿಗೆ ಕಾರುಗಳಿಗೆ ಪ್ರವೇಶವಿಲ್ಲ, ಕುದುರೆ ಗಾಡಿ ಓಡುತ್ತದೆ, ಮಕ್ಕಳು ಬಾಣಲೆಯಲ್ಲಿ ಮರಳು ಜಾಲಿಸಿ ಚಿನ್ನದ ಪುಡಿ ಹುಡುಕಬಹುದು.

ಇನ್ನೊಂದು ದಿಕ್ಕಿಗೆ ಹೈವೇ 4ರಲ್ಲೇ ಮೇಲೆ ಹೋದರೆ 7,300 ಅಡಿಯಲ್ಲಿ ಲೇಕ್ ಆಲ್ಪೈನ್. ಅಲ್ಲಿಂದ ಮುಂದಕ್ಕೆ ಆರ್‌ವಿ ಒಯ್ಯಬೇಡಿ. ಎಬೆಟ್ಸ್ ಪಾಸ್ ಕಡೆಗೆ ರಸ್ತೆ ನಡುಗೆರೆಯೇ ಇಲ್ಲದಷ್ಟು ಕಿರಿದಾಗುತ್ತದೆ, ತಿರುವುಗಳಲ್ಲಿ ಉದ್ದನೆಯ ಗಾಡಿ ಎದುರಿನ ಬದಿಗೆ ಹೋಗದೆ ತಿರುಗುವುದಿಲ್ಲ. ಚಳಿಗಾಲದಲ್ಲಿ ಆ ಭಾಗ ಪೂರ್ತಿ ಮುಚ್ಚಿರುತ್ತದೆ. ಮೊಬೈಲ್ ಸಿಗ್ನಲನ್ನು ನಂಬದೆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಹೊರಡುವ ದಿನ

ಮಧ್ಯಾಹ್ನ 12ಕ್ಕೆ ಸೈಟ್ ಬಿಡಬೇಕು. ಡಂಪ್ ಸ್ಟೇಷನ್ ಅಂದು ತೆರೆದಿದೆಯೇ ಎಂದು ಹಿಂದಿನ ದಿನವೇ ಗೇಟಿನಲ್ಲಿ ವಿಚಾರಿಸಿ. ಭಾನುವಾರ ಹನ್ನೊಂದರ ಮೇಲೆ ಅಲ್ಲಿ ಸಾಲು ಬೆಳೆಯುತ್ತದೆ, ಒಂಬತ್ತಕ್ಕೇ ಹೋಗಿ.

ಕೈಗವಸು ಹಾಕಿ. ಪೈಪಿನ ಒಂದು ತುದಿಯನ್ನು ಗಾಡಿಗೆ ತಿರುಗಿಸಿ ಬಿಗಿಮಾಡಿ. ಇನ್ನೊಂದನ್ನು ನೆಲದ ಗುಂಡಿಗೆ ಇಳಿಸಿ ಕಲ್ಲು ಹೇರಿ. ಮೊದಲು ಬ್ಲ್ಯಾಕ್ ವಾಲ್ವ್ ಎಳೆಯಿರಿ, ಸದ್ದು ಪೂರ್ತಿ ನಿಂತ ಮೇಲೆ ಮುಚ್ಚಿ. ಆಮೇಲೆ ಗ್ರೇ ವಾಲ್ವ್. ಸೋಪಿನ ಆ ನೀರೇ ಪೈಪನ್ನು ತೊಳೆಯುತ್ತದೆ. ಈ ಕ್ರಮ ತಿರುವುಮುರುವಾದರೆ ಪೈಪಿನಲ್ಲಿ ಮಲ ಉಳಿದು ಅದನ್ನೇ ಮನೆಗೆ ಹೊತ್ತೊಯ್ಯುತ್ತೀರಿ. ಪೈಪನ್ನು ಗಾಡಿಯ ಕಡೆಯಿಂದ ಬಿಚ್ಚಿ, ಎತ್ತಿ ಹಿಡಿದು ಗುಂಡಿಗೆ ಬಸಿಯಿರಿ. ಕೊನೆಗೆ ಕಕ್ಕಸಿಗೆ ಎರಡು ಗ್ಯಾಲನ್ ನೀರು ಸುರಿದು ಬ್ಲ್ಯಾಕ್ ಟ್ಯಾಂಕಿನ ವಾಸನೆ ತಡೆಯುವ ಔಷಧಿ ಹಾಕಿ. ಅಲ್ಲಿ ಪೈಪು ತೊಳೆಯಲೆಂದು ಇಟ್ಟಿರುವ ನಲ್ಲಿಯಿಂದ ಕುಡಿಯುವ ನೀರು ಹಿಡಿಯಬೇಡಿ.

ಆಮೇಲೆ ಒಬ್ಬರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬರಲಿ: ಮೆಟ್ಟಿಲು ಮಡಚಿದೆಯೇ, ನೆರಳಿನ ಬಟ್ಟೆ ಸುತ್ತಿದೆಯೇ, ಚಾವಣಿಯ ಕಿಂಡಿ ಮುಚ್ಚಿದೆಯೇ, ಚಕ್ರದ ಅಡ್ಡೆ ತೆಗೆದಿದೆಯೇ, ಗ್ಯಾಸ್ ವಾಲ್ವ್ ಬಂದ್ ಆಗಿದೆಯೇ. ಫ್ರಿಜ್ ಬಾಗಿಲಿನ ಚಿಲಕ ಹಾಕದಿದ್ದರೆ ಮೊದಲ ತಿರುವಿನಲ್ಲೇ ಮೊಸರಿನ ಡಬ್ಬಿ ನೆಲದ ಮೇಲಿರುತ್ತದೆ. ಸೈಟಿನಿಂದ ತಿರುಗಿಸುವಾಗ ಗಾಡಿಯ ಬಾಲ ಎದುರು ದಿಕ್ಕಿಗೆ ಒಂದೆರಡು ಅಡಿ ಬೀಸುತ್ತದೆ, ಹಿಂದೆ ಒಬ್ಬರು ನಿಂತು ಮರ ನೋಡಿಕೊಳ್ಳಲಿ.

ಪಾರ್ಕಿನಿಂದ ಏಂಜೆಲ್ಸ್ ಕ್ಯಾಂಪಿಗೆ ಇಳಿಯುವಷ್ಟರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಡಿ ಇಳಿಜಾರು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂತೆಂದರೆ ಆಗಲೇ ತಡವಾಗಿದೆ, ಪಕ್ಕಕ್ಕೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಗೇರನ್ನು ಕೆಳಗೇ ಹಿಡಿದಿಡುವ ಟೋ-ಹಾಲ್ ಗುಂಡಿ ಒತ್ತಿ, ಕೆಳಗಿನ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯಲಿ. ಹಿಂದೆ ಐದು ವಾಹನ ಸೇರಿದರೆ ರಸ್ತೆ ಪಕ್ಕದ ಅಗಲ ಜಾಗವಾದ ಟರ್ನ್ಔಟಿನಲ್ಲಿ ಸರಿದು ದಾರಿ ಬಿಡಬೇಕೆಂಬುದು ಇಲ್ಲಿನ ಕಾನೂನು. ಹಾಗೆ ನಿಂತಾಗಲೆಲ್ಲ ಬ್ರೇಕಿಗೂ ಒಂದಿಷ್ಟು ವಿಶ್ರಾಂತಿ ಸಿಗುತ್ತದೆ.